ಮನಸ್ಸಿಗೆ ನೋವಾಯಿತು ಎಂದರೆ ಕೇಸ್ ಆಗಬೇಕೇ?

ದಾವಣಗೆರೆಯಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬೆಳಗ್ಗೆ ಯಾರೋ ಒಬ್ಬರು ವಾಟ್ಸಾಪ್ ಗ್ರೂಪಿಗೆ ಒಂದು ವ್ಯಂಗ್ಯಚಿತ್ರ ಹಾಕುತ್ತಾರೆ. ಒಬ್ಬ ನಾಯಕನ ಮುಖ ಅದರಲ್ಲಿ ವಿಕಾರವಾಗಿರುತ್ತದೆ, ಇಲ್ಲವೇ ಒಂದು ಪಕ್ಷದ ಚಿಹ್ನೆ ಕೆಸರಿನಲ್ಲಿ ಬಿದ್ದಿರುತ್ತದೆ. ಮಧ್ಯಾಹ್ನದೊಳಗೆ ಸ್ಕ್ರೀನ್‌ಶಾಟ್ ಹತ್ತಾರು ಗ್ರೂಪು ಸುತ್ತುತ್ತದೆ. ಸಂಜೆ ಜಯದೇವ ವೃತ್ತದಲ್ಲಿ ಘೋಷಣೆ. ಮರುದಿನ ಡಿಸಿ ಕಚೇರಿಗೆ ಮನವಿ, ಠಾಣೆಗೆ ದೂರು. ಚಿತ್ರದುರ್ಗವಾದರೆ ಜಾಗ ಬೇರೆ, ಉಳಿದದ್ದೆಲ್ಲ ಇದೇ.

ದೂರಿನಲ್ಲಿ ಬರೆಯುವ ಸಾಲು ಬಹುತೇಕ ಒಂದೇ ಆಗಿರುತ್ತದೆ: ‘ನಮ್ಮ ಭಾವನೆಗಳಿಗೆ ಧಕ್ಕೆಯಾಗಿದೆ.’ ಇಡೀ ಪ್ರಕರಣ ಆ ಸಾಲಿನ ಮೇಲೆ ನಿಲ್ಲುತ್ತದೆ. ನಾನು ಹೇಳಬೇಕೆಂದಿರುವುದೂ ಆ ಸಾಲಿನ ಬಗ್ಗೆಯೇ. ಚಿತ್ರ ನೋಡಿ ನೋವಾಗುವುದು ನಿಜ. ಸಿಟ್ಟು ಬರುವುದೂ ನಿಜ. ಆದರೆ ಆ ನೋವೊಂದನ್ನೇ ನೋಡಿ ಯಾರನ್ನಾದರೂ ಠಾಣೆಗೆ ಕರೆಸಿ ಎಂದು ನಮ್ಮ ಸಂವಿಧಾನ ಎಲ್ಲೂ ಹೇಳಿಲ್ಲ. ಹೇಳದಿದ್ದರೂ ಕರೆಸುತ್ತಾರೆ. ಕಾನೂನು ಪುಸ್ತಕಕ್ಕೂ ಠಾಣೆಯ ಬೆಂಚಿಗೂ ಇರುವ ಈ ಅಂತರವೇ ನಮ್ಮಂಥ ಜಿಲ್ಲೆಗಳಲ್ಲಿ ವಾಕ್ ಸ್ವಾತಂತ್ರ್ಯ ಎಲ್ಲಿಗೆ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುತ್ತಿದೆ.

ಸಂವಿಧಾನ ಹಾಕಿದ ಗೆರೆ

ಸಂವಿಧಾನದ 19(1)(ಎ) ವಿಧಿ ಮಾತಿನ ಹಕ್ಕು ಕೊಡುತ್ತದೆ. ಚಿತ್ರ ಬಿಡಿಸುವುದೂ ಅದರಲ್ಲೇ ಸೇರುತ್ತದೆ. 19(2) ಆ ಹಕ್ಕಿಗೆ ಮಿತಿ ಹಾಕುತ್ತದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಶಾಂತಿ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಒಟ್ಟು ಎಂಟು ಕಾರಣ. ಇವುಗಳ ಹೊರಗೆ ಹೊಸ ಕಾರಣ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಈ ಎಂಟರಲ್ಲಿ ‘ಬೇಸರ’ ಇಲ್ಲ. ‘ಭಾವನೆಗೆ ಧಕ್ಕೆ’ ಎಂಬುದೂ ಇಲ್ಲ.

ಹಾಗಾದರೆ ಭಾವನೆಯ ಮಾತು ಎಲ್ಲಿಂದ ಬಂತು? ದಂಡ ಸಂಹಿತೆಯಿಂದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಧಾರ್ಮಿಕ ಭಾವನೆಗಳನ್ನು ಕೆರಳಿಸುವುದರ ಬಗ್ಗೆ ಇದೆ. ಹಳೆಯ ಐಪಿಸಿಯಲ್ಲಿ ಇದು 295ಎ ಆಗಿತ್ತು. ಸಮುದಾಯಗಳ ನಡುವೆ ದ್ವೇಷ ಬೆಳೆಸುವುದಕ್ಕೆ 196, ಹಳೆಯ 153ಎ. ಗಲಭೆಗೆ ಕಾರಣವಾಗುವ ಹೇಳಿಕೆಗೆ 353. ಈ ಮೂರನ್ನು ಒಟ್ಟಿಗೆ ಸೇರಿಸಿ ಎಫ್‌ಐಆರ್ ಹಾಕುವುದು ಈಗ ರೂಢಿಯೇ ಆಗಿದೆ.

ಇಲ್ಲಿ ಜನ ಗಮನಿಸದ ಒಂದು ವಿಷಯವಿದೆ. 299ನೇ ಸೆಕ್ಷನ್ ಧರ್ಮದ ಭಾವನೆಗೆ ಮಾತ್ರ ಸಂಬಂಧಿಸಿದ್ದು. ಪಕ್ಷದ ಭಾವನೆಗೆ, ನಾಯಕನ ಅಭಿಮಾನಿಗಳ ಭಾವನೆಗೆ ಅಲ್ಲ. ಧರ್ಮದ ವಿಷಯದಲ್ಲೂ ‘ಉದ್ದೇಶಪೂರ್ವಕ ಮತ್ತು ದುರುದ್ದೇಶದ’ ಅವಮಾನ ಆಗಿರಬೇಕು. ಅಜಾಗರೂಕತೆಯಿಂದ ಆದ ಅವಮಾನ ಇದರಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಪ್ರಕರಣ ನೋಡಬಹುದು. 2013ರಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯ ಮುಖಪುಟದಲ್ಲಿ ಅವರನ್ನು ವಿಷ್ಣುವಿನ ಹಾಗೆ ತೋರಿಸಿ, ಕೈಗಳಲ್ಲಿ ಜಾಹೀರಾತಿನ ವಸ್ತುಗಳನ್ನು ಕೊಟ್ಟಿದ್ದರು. ಅವುಗಳಲ್ಲಿ ಶೂ ಕೂಡ ಇತ್ತು. ಬೆಂಗಳೂರಿನ ಕೋರ್ಟಿನಲ್ಲಿ ಖಾಸಗಿ ದೂರು ದಾಖಲಾಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇದೇ ಚಿತ್ರದ ಬಗ್ಗೆ ಆಂಧ್ರದಲ್ಲಿದ್ದ ಇನ್ನೊಂದು ಪ್ರಕರಣ 2017ರಲ್ಲಿ ರದ್ದಾಯಿತು. ದುರುದ್ದೇಶ ಕಾಣಲಿಲ್ಲ, ಕೇಸ್ ನಿಲ್ಲಲಿಲ್ಲ. ಆದರೆ ಆ ನಾಲ್ಕು ವರ್ಷ ವಕೀಲರನ್ನು ಇಟ್ಟುಕೊಳ್ಳಲು ಧೋನಿಗೆ ಸಾಧ್ಯವಿತ್ತು. ದಾವಣಗೆರೆಯ ಯಾವ ಚಿತ್ರಕಾರನಿಗೆ ಸಾಧ್ಯವಿದೆ?

ಮಾನಹಾನಿಯ ದಾರಿ ಬೇರೆ. ಒಬ್ಬ ಶಾಸಕರಿಗೋ ಸಚಿವರಿಗೋ ಚಿತ್ರದಿಂದ ಮಾನ ಹೋಯಿತು ಅನ್ನಿಸಿದರೆ 356ನೇ ಸೆಕ್ಷನ್ ಇದೆ. ಆದರೆ ಅದು ಪೊಲೀಸರು ಸುಮ್ನೆ ಎಫ್‌ಐಆರ್ ಹಾಕಿ ಬಂಧಿಸುವಂಥ ಅಪರಾಧ ಅಲ್ಲ. ನೊಂದವರು ಸ್ವತಃ ಕೋರ್ಟಿಗೆ ಹೋಗಬೇಕು. ನಾಯಕರ ಪರವಾಗಿ ಅಭಿಮಾನಿ ಸಂಘದವರು ಠಾಣೆ ಮುಂದೆ ಕೂರುವುದಕ್ಕೆ ಈ ಸೆಕ್ಷನ್‌ನಲ್ಲಿ ಜಾಗವಿಲ್ಲ.

ಚೆನ್ನಾಗಿಲ್ಲದ ಚಿತ್ರಕ್ಕೂ ಹಕ್ಕಿದೆ

ಚರ್ಚೆ ಬಂದಾಗ ಒಂದು ಮಾತು ಪದೇಪದೇ ಕೇಳುತ್ತೇವೆ. ‘ವ್ಯಂಗ್ಯಚಿತ್ರ ಅಂದರೆ ಆರ್.ಕೆ. ಲಕ್ಷ್ಮಣ್ ಅವರದು. ನಗಿಸುತ್ತಿತ್ತು, ನೋಯಿಸುತ್ತಿರಲಿಲ್ಲ. ಈಗಿನವರದು ಬರೀ ಹೊಲಸು.’ ಮೈಸೂರಿನ ಲಕ್ಷ್ಮಣ್ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ. ಡಾ. ಎಂ. ಶಿವರಾಂ, ಅಂದರೆ ರಾಶಿಯವರು 1942ರಲ್ಲಿ ಶುರು ಮಾಡಿದ ‘ಕೊರವಂಜಿ’ಯಲ್ಲಿ ಲಕ್ಷ್ಮಣ್ ಆರಂಭದ ದಿನಗಳಲ್ಲಿ ಬರೆಯುತ್ತಿದ್ದರು. ಕನ್ನಡದಲ್ಲಿ ನಗುವಿಗೆ ಒಂದು ಹದ ಇತ್ತು ಎಂಬುದು ಸುಳ್ಳಲ್ಲ. ಆದರೆ ಆ ಹದವನ್ನು ಕಾನೂನಾಗಿ ಮಾಡಲು ಹೊರಟರೆ ತಪ್ಪಾಗುತ್ತದೆ. ನಮ್ಮ ನಾಡಿನಲ್ಲೇ ಅಂಬಿಗರ ಚೌಡಯ್ಯನಂಥ ವಚನಕಾರ ಇದ್ದ. ಡಾಂಭಿಕರನ್ನು ಕಂಡರೆ ಅವನ ಮಾತಿಗೆ ಹದ ಇರುತ್ತಿರಲಿಲ್ಲ, ಬೈಗುಳವೇ ಇರುತ್ತಿತ್ತು. ಆ ವಚನಗಳನ್ನು ನಾವು ಒಂಬೈನೂರು ವರ್ಷಗಳಿಂದ ಕಾಪಾಡಿಕೊಂಡು ಬಂದಿದ್ದೇವೆ.

ಕೋರ್ಟು ಕೂಡ ಇದೇ ಕಡೆ ನಿಂತಿದೆ. 2012ರ ಸೆಪ್ಟೆಂಬರ್‌ನಲ್ಲಿ ಅಸೀಂ ತ್ರಿವೇದಿ ಎಂಬ ಯುವ ವ್ಯಂಗ್ಯಚಿತ್ರಕಾರನನ್ನು ಮುಂಬೈ ಪೊಲೀಸರು ರಾಜದ್ರೋಹದ ಆರೋಪದಲ್ಲಿ ಬಂಧಿಸಿದರು. ಭ್ರಷ್ಟಾಚಾರದ ವಿರುದ್ಧದ ಚಳವಳಿ ನಡೆಯುತ್ತಿದ್ದ ಕಾಲ. ಅವರು ಸಂಸತ್ ಭವನವನ್ನು ಕಮೋಡ್ ಮಾಡಿ ಬಿಡಿಸಿದ್ದರು. ಅಶೋಕ ಸ್ತಂಭದ ಸಿಂಹಗಳ ಜಾಗದಲ್ಲಿ ತೋಳಗಳನ್ನು ಕೂರಿಸಿದ್ದರು. ನೋಡಿದರೆ ಮುಜುಗರ ಆಗುವಂಥ ಚಿತ್ರಗಳೇ. 2015ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಕೊಡುವಾಗ ಆ ಚಿತ್ರಗಳನ್ನು ಹೊಗಳಲಿಲ್ಲ. ಅವುಗಳಲ್ಲಿ ಹಾಸ್ಯವಿಲ್ಲ, ಚಾತುರ್ಯವಿಲ್ಲ, ವ್ಯಂಗ್ಯವೂ ಇಲ್ಲ, ಬರೀ ಸಿಟ್ಟು ಮತ್ತು ಅಸಹ್ಯ ಇದೆ ಎಂದಿತು. ಮುಂದಿನ ಮಾತು ಮುಖ್ಯ. ಅಷ್ಟಕ್ಕೇ ಅವರ ಮಾತಿನ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ ಎಂದಿತು.

ಈ ತೀರ್ಪನ್ನು ನಾನು ತುಂಬಾ ದೊಡ್ಡದು ಅಂದುಕೊಂಡಿದ್ದೇನೆ. ಒಳ್ಳೆಯ ಚಿತ್ರವನ್ನು ಕಾಪಾಡಲು ಕಾನೂನು ಬೇಕಾಗಿಲ್ಲ, ಅದನ್ನು ಜನರೇ ಕಾಪಾಡುತ್ತಾರೆ. ಕಾನೂನಿನ ಕೆಲಸ ಶುರುವಾಗುವುದು ಚಿತ್ರ ಯಾರಿಗೂ ಇಷ್ಟವಾಗದೇ ಇದ್ದಾಗ.

2017ರಲ್ಲಿ ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ನಡೆದದ್ದನ್ನು ನೆನೆದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮೀಟರ್ ಬಡ್ಡಿಯ ಕಾಟ ತಡೆಯಲಾರದೆ ಒಂದು ಬಡ ಕುಟುಂಬ ಕಲೆಕ್ಟರ್ ಕಚೇರಿಯ ಆವರಣದಲ್ಲೇ ಬೆಂಕಿ ಹಚ್ಚಿಕೊಂಡಿತು. ಗಂಡ, ಹೆಂಡತಿ, ಇಬ್ಬರು ಪುಟ್ಟ ಮಕ್ಕಳು. ಜಿ. ಬಾಲಾ ಎಂಬ ವ್ಯಂಗ್ಯಚಿತ್ರಕಾರ ಅದರ ಬಗ್ಗೆ ಒಂದು ಚಿತ್ರ ಬರೆದರು. ಮಗು ಸುಡುತ್ತಿದೆ, ಮುಖ್ಯಮಂತ್ರಿ, ಕಲೆಕ್ಟರ್, ಪೊಲೀಸ್ ಕಮಿಷನರ್ ಬೆತ್ತಲೆ ನಿಂತು ನೋಟಿನ ಕಂತೆಯಿಂದ ಮರ್ಯಾದೆ ಮುಚ್ಚಿಕೊಂಡಿದ್ದಾರೆ. ನವೆಂಬರ್ ಮೊದಲ ವಾರ ಅವರನ್ನು ಬಂಧಿಸಿದರು. ಮರುದಿನ ಜಾಮೀನು ಸಿಕ್ಕಿತು. ಆ ಚಿತ್ರ ಅಶ್ಲೀಲ ಎಂಬುದು ಅಧಿಕಾರಿಗಳ ದೂರು. ಮೀಟರ್ ಬಡ್ಡಿ ಎಂದರೆ ಏನು ಅಂತ ದಾವಣಗೆರೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಡಿಸಿ ಕಚೇರಿ ಮುಂದೆ ಅರ್ಜಿ ಹಿಡಿದು ನಿಲ್ಲುವುದು ಹೇಗಿರುತ್ತದೆ ಎಂಬುದೂ ಗೊತ್ತು. ಆ ಆವರಣದಲ್ಲಿ ನಾಲ್ಕು ಜೀವ ಸುಟ್ಟುಹೋದ ಮೇಲೆ ಚಿತ್ರಕಾರ ಮೆತ್ತಗೆ ಬರೆಯಬೇಕಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ತೀರ್ಪಿಗೆ ಮೊದಲೇ ಮುಗಿಯುವ ಶಿಕ್ಷೆ

ವ್ಯಂಗ್ಯಚಿತ್ರದ ಪ್ರಕರಣಗಳಲ್ಲಿ ಕೊನೆಗೆ ಶಿಕ್ಷೆಯಾಗುವುದು ಅಪರೂಪ. ಆದರೆ ಅಲ್ಲಿಗೆ ತಲುಪುವ ದಾರಿಯೇ ಶಿಕ್ಷೆ. ಕೋಲ್ಕತ್ತದ ಜಾಧವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ 2012ರ ಏಪ್ರಿಲ್‌ನಲ್ಲಿ ಮಮತಾ ಬ್ಯಾನರ್ಜಿ ಕುರಿತ ಒಂದು ವ್ಯಂಗ್ಯಚಿತ್ರವನ್ನು ಇಮೇಲ್‌ನಲ್ಲಿ ಬೇರೆಯವರಿಗೆ ಕಳಿಸಿದರು. ಚಿತ್ರ ಅವರದ್ದಲ್ಲ, ಕಳಿಸಿದ್ದಷ್ಟೇ ಅವರು. ಬಂಧನವಾಯಿತು. ಆನ್‌ಲೈನ್‌ನಲ್ಲಿ ಕಿರಿಕಿರಿಯಾಗುವಂಥ ಸಂದೇಶ ಕಳಿಸುವುದನ್ನೂ ಅಪರಾಧ ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಹಾಕಿದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಆ ಸೆಕ್ಷನ್ನನ್ನೇ ಕಿತ್ತುಹಾಕಿತು. ಆದರೂ ಪ್ರಾಧ್ಯಾಪಕರಿಗೆ ಬಿಡುಗಡೆ ಸಿಕ್ಕಿದ್ದು 2023ರ ಜನವರಿಯಲ್ಲಿ. ಒಂದು ಫಾರ್ವರ್ಡ್‌ಗೆ ಹತ್ತಿರ ಹತ್ತಿರ 11 ವರ್ಷ.

ಇದು ಯಾವುದೋ ಒಂದು ಪಕ್ಷದ ಚಾಳಿ ಎಂದು ಯಾರೂ ಅಂದುಕೊಳ್ಳಬಾರದು. ಬಂಗಾಳದಲ್ಲಿ ಒಂದು ಪಕ್ಷ, ಮಹಾರಾಷ್ಟ್ರದಲ್ಲಿ ಇನ್ನೊಂದು, ತಮಿಳುನಾಡಿನಲ್ಲಿ ಮತ್ತೊಂದು. ಚೆನ್ನೈನ ವಿಕಟನ್ ಪತ್ರಿಕಾ ಸಂಸ್ಥೆಯ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1987ರಲ್ಲಿ ‘ಆನಂದ ವಿಕಟನ್’ ಮುಖಪುಟದಲ್ಲಿ ಶಾಸಕರನ್ನೂ ಸಚಿವರನ್ನೂ ಕಳ್ಳರಿಗೆ ಹೋಲಿಸುವ ಒಂದು ನಗೆಚಿತ್ರ ಬಂತು. ತಮಿಳುನಾಡು ವಿಧಾನಸಭೆ ಹಕ್ಕುಚ್ಯುತಿ ಎಂದು ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರಿಗೆ ಮೂರು ತಿಂಗಳ ಜೈಲು ಶಿಕ್ಷೆ ಕೊಟ್ಟಿತು. ದೇಶದಾದ್ಯಂತ ವಿರೋಧ ಬಂದ ಮೇಲೆ ಬೇಗನೆ ಬಿಟ್ಟರು. ಮುಂದೆ ಕೋರ್ಟಿನಲ್ಲಿ ಅವರೇ ಗೆದ್ದರು. ಸಿಕ್ಕ ಪರಿಹಾರ 1,000 ರೂಪಾಯಿ.

ಅದೇ ಸಂಸ್ಥೆ 2025ರ ಫೆಬ್ರವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಟ್ರಂಪ್ ಪಕ್ಕ ಸಂಕೋಲೆ ಹಾಕಿಸಿಕೊಂಡು ಕೂತ ಹಾಗೆ ಒಂದು ಚಿತ್ರ ಪ್ರಕಟಿಸಿತು. ಅಮೆರಿಕ ಭಾರತೀಯರನ್ನು ಕೈಕಾಲಿಗೆ ಸಂಕೋಲೆ ಹಾಕಿ ವಿಮಾನದಲ್ಲಿ ಕಳಿಸಿದ್ದ ಸಮಯ ಅದು. ಈ ಸಲ ಯಾರನ್ನೂ ಬಂಧಿಸಲಿಲ್ಲ. ಇಡೀ ವೆಬ್‌ಸೈಟೇ ತೆರೆಯದ ಹಾಗಾಯಿತು. ಮಾರ್ಚ್ 6ರಂದು ಮದ್ರಾಸ್ ಹೈಕೋರ್ಟ್ ಆ ಚಿತ್ರದ ಪುಟವನ್ನು ಸದ್ಯಕ್ಕೆ ತೆಗೆದರೆ ತಡೆ ತೆರವು ಮಾಡಿ ಎಂದು ಹೇಳಿತು. ಸೈಟ್ ಮರಳಿ ಬಂತು, ಚಿತ್ರ ಹೋಯಿತು. 1987ರಲ್ಲಿ ಸಂಪಾದಕ ಜೈಲಿಗೆ ಹೋದಾಗ ಊರೂರಲ್ಲಿ ಸುದ್ದಿಯಾಗಿತ್ತು. ಈಗ ಒಂದು ಆದೇಶ ಹೊರಟರೆ ಸಾಕು, ಓದುಗನಿಗೆ ಕಾಣುವುದು ಬಿಳಿ ಪರದೆ ಮಾತ್ರ. ನನಗೆ ಎರಡನೆಯದೇ ಜಾಸ್ತಿ ಭಯ ಹುಟ್ಟಿಸುತ್ತದೆ.

2025ರಲ್ಲೇ ಇಂದೋರಿನ ಹೇಮಂತ್ ಮಾಲವೀಯ ಪ್ರಕರಣ ಬಂತು. 2021ರ ಕೋವಿಡ್ ಕಾಲದಲ್ಲಿ ಲಸಿಕೆಯ ಬಗ್ಗೆ, ಪ್ರಧಾನಿ ಮತ್ತು ಆರ್‌ಎಸ್‌ಎಸ್ ಕುರಿತು ಬಿಡಿಸಿದ ಚಿತ್ರಕ್ಕೆ ನಾಲ್ಕು ವರ್ಷದ ನಂತರ ಎಫ್‌ಐಆರ್. ಜುಲೈನಲ್ಲಿ ಮಧ್ಯಪ್ರದೇಶ ಹೈಕೋರ್ಟ್ ನಿರೀಕ್ಷಣಾ ಜಾಮೀನು ಕೊಡಲಿಲ್ಲ. ಸುಪ್ರೀಂ ಕೋರ್ಟ್ ಬಂಧನದಿಂದ ರಕ್ಷಣೆ ಕೊಟ್ಟಿತು, ಆದರೆ ಚಿತ್ರ ಬಿಡಿಸಿದವರು ಕ್ಷಮೆ ಕೇಳಬೇಕಾಯಿತು. ಚಿತ್ರ ಒರಟಾಗಿತ್ತು, ನಿಜ. ಆದರೆ ಜಾಮೀನಿಗಾಗಿ ದೆಹಲಿವರೆಗೆ ಹೋಗಿ ಕ್ಷಮೆ ಕೇಳಿ ಬಂದವನ ಕೈಯಲ್ಲಿ ಮುಂದೆ ಯಾವ ಚಿತ್ರ ಹುಟ್ಟುತ್ತದೆ?

ಹಾಗಂತ ನ್ಯಾಯಾಲಯಗಳು ಸುಮ್ಮನಿವೆ ಎಂದಲ್ಲ. 2025ರ ಮಾರ್ಚ್ 28ರಂದು ರಾಜ್ಯಸಭಾ ಸದಸ್ಯ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಪ್ರತಿ ಠಾಣೆಯ ಗೋಡೆಯ ಮೇಲೆ ಇರಬೇಕಾದದ್ದು. ಅಲ್ಲಿ ವಿಷಯ ಕವಿತೆ, ಆದರೆ ಚಿತ್ರಕ್ಕೂ ಅದು ಹಾಗೇ ಅನ್ವಯಿಸುತ್ತದೆ. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕದ ಮನುಷ್ಯನ ಕಣ್ಣಿನಿಂದ ಅಳೆಯಬೇಕು, ಪ್ರತಿ ಟೀಕೆಯಲ್ಲೂ ಅಪಾಯ ಕಾಣುವವರ ಕಣ್ಣಿನಿಂದಲ್ಲ ಎಂದು ಕೋರ್ಟ್ ಹೇಳಿತು. ಬಹಳ ಜನಕ್ಕೆ ಇಷ್ಟವಾಗದಿದ್ದರೂ ಆ ಮಾತಿನ ಹಕ್ಕನ್ನು ಕಾಪಾಡಬೇಕು ಎಂದಿತು.

ಬಸವನ ಹುಳುವಿನ ಮೇಲಿನ ಬಾಬಾಸಾಹೇಬರು

ಇಲ್ಲಿಯವರೆಗೆ ಹೇಳಿದ್ದು ಸುಲಭದ ಭಾಗ. ಅಧಿಕಾರದಲ್ಲಿರುವವರನ್ನು ಹಂಗಿಸಿದರೆ ತಪ್ಪಿಲ್ಲ ಎಂದು ಒಪ್ಪಿಕೊಳ್ಳಲು ಕಷ್ಟವೇನಿಲ್ಲ. ಕಷ್ಟ ಇರುವುದು ನೆಹರೂ ಕಾಲದ ಹೆಸರಾಂತ ವ್ಯಂಗ್ಯಚಿತ್ರಕಾರ ಶಂಕರ್ ಅವರ ಒಂದು ಹಳೆಯ ಚಿತ್ರದಲ್ಲಿ.

1949ರ ಆಗಸ್ಟ್. ಸಂವಿಧಾನ ಸಭೆಯ ಕೆಲಸ ನಿಧಾನವಾಯಿತು ಎಂದು ಜನ ಗೊಣಗುತ್ತಿದ್ದರು. ಶಂಕರ್ ಒಂದು ಚಿತ್ರ ಬರೆದರು. ಸಂವಿಧಾನ ಎಂದು ಬರೆದ ಬಸವನ ಹುಳು. ಅದರ ಮೇಲೆ ಚಾಟಿ ಹಿಡಿದು ಕೂತ ಅಂಬೇಡ್ಕರ್. ಹಿಂದೆ ಚಾಟಿ ಎತ್ತಿ ನಿಂತ ನೆಹರೂ. ಸುತ್ತ ನೋಡುತ್ತಿರುವ ಜನ. ಆಗ ಅದು ದೊಡ್ಡ ಗದ್ದಲವೇನೂ ಮಾಡಲಿಲ್ಲ. 2006ರಲ್ಲಿ ಎನ್‌ಸಿಇಆರ್‌ಟಿಯ 11ನೇ ತರಗತಿಯ ರಾಜ್ಯಶಾಸ್ತ್ರ ಪುಸ್ತಕದಲ್ಲಿ ಅದನ್ನು ಹಾಕಿದರು. 2012ರ ಮೇನಲ್ಲಿ ಸಂಸತ್ತಿನಲ್ಲಿ ಕೋಲಾಹಲವಾಯಿತು. ಸರ್ಕಾರ ಚಿತ್ರ ತೆಗೆಯುವುದಾಗಿ ಹೇಳಿತು. ಪುಸ್ತಕದ ಮುಖ್ಯ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ರಾಜೀನಾಮೆ ಕೊಟ್ಟರು. ಪುಣೆ ವಿಶ್ವವಿದ್ಯಾಲಯದಲ್ಲಿದ್ದ ಪಳಶೀಕರ್ ಅವರ ಕಚೇರಿಗೆ ನುಗ್ಗಿ ಪೀಠೋಪಕರಣ ಒಡೆದರು.

ಈ ಚಿತ್ರದ ಬಗ್ಗೆ ಎರಡು ಮಾತೂ ನಿಜ. ಶಂಕರ್ ಕಣ್ಣಿಗೆ ಇಬ್ಬರೂ ಹುಳುವನ್ನೇ ಓಡಿಸುತ್ತಿದ್ದರು. ಅದರಲ್ಲಿ ಅವಮಾನದ ಉದ್ದೇಶ ಕಾಣುವುದಿಲ್ಲ. ನೆಹರೂ ಅವರನ್ನು ಶಂಕರ್ ಎಷ್ಟು ಸಲ ಹಂಗಿಸಿದ್ದಾರೋ ಲೆಕ್ಕವಿಲ್ಲ. ಆದರೆ ದಾವಣಗೆರೆಯ ಗಾಂಧಿನಗರದಿಂದಲೋ ಚಳ್ಳಕೆರೆ ಕಡೆಯ ಒಂದು ಕಾಲೋನಿಯಿಂದಲೋ ಕಾಲೇಜಿಗೆ ಬಂದ ದಲಿತ ಹುಡುಗಿ ಆ ಪುಟ ತೆರೆದರೆ ಏನು ಕಾಣುತ್ತದೆ? ಅವಳ ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ ಇದೆ. ಪುಸ್ತಕದಲ್ಲಿ ಅವರ ಬೆನ್ನ ಹಿಂದೆ ಮೇಲ್ಜಾತಿಯ ಒಬ್ಬರು ಚಾಟಿ ಎತ್ತಿದ್ದಾರೆ. ಅವಳ ಅಜ್ಜನ ಬೆನ್ನು ಚಾಟಿಯನ್ನು ಚಿತ್ರದಲ್ಲಿ ನೋಡಿದ್ದಲ್ಲ. ಕ್ಲಾಸಿನಲ್ಲಿ ಅಕ್ಕಪಕ್ಕದವರು ನಕ್ಕರೆ ಅವಳು ಎಲ್ಲಿ ನೋಡಬೇಕು?

ಈ ನೋವನ್ನು ‘ಅತಿಯಾದ ಸೂಕ್ಷ್ಮತೆ’ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಒಬ್ಬ ಮಂತ್ರಿಗೆ ತನ್ನ ಮೂಗು ದೊಡ್ಡದಾಗಿ ಬಿಡಿಸಿದ್ದಕ್ಕೆ ಬರುವ ಸಿಟ್ಟೂ ಇದೂ ಒಂದೇ ಅಲ್ಲ. ಮಂತ್ರಿ ತನ್ನ ಕೆಲಸಕ್ಕಾಗಿ ಹಂಗಿಸಿಕೊಳ್ಳುತ್ತಾನೆ. ಇಲ್ಲಿ ಹುಟ್ಟಿಗಾಗಿ ನೋವಾಗುತ್ತದೆ. ಒಂದು ವ್ಯಂಗ್ಯಚಿತ್ರ ಕೈಗೆ ಬಂದಾಗ ನಾನು ಮೊದಲು ನೋಡುವುದು ಇದನ್ನೇ: ಹೊಡೆತ ಬೀಳುತ್ತಿರುವುದು ಒಬ್ಬರು ಮಾಡಿದ ಕೆಲಸಕ್ಕಾ, ಅಥವಾ ಅವರು ಹುಟ್ಟಿದ ಜಾತಿ, ಧರ್ಮ, ಮೈಬಣ್ಣ, ಹೆಣ್ತನಕ್ಕಾ? ಎರಡನೆಯದಾದರೆ ಆ ಚಿತ್ರವನ್ನು ಟೀಕಿಸಲೇಬೇಕು, ಜೋರಾಗಿ ಟೀಕಿಸಬೇಕು.

ಆದರೆ 2012ರಲ್ಲಿ ಮೂರು ಬೇರೆ ಬೇರೆ ವಿಷಯಗಳು ಕಲಸಿಹೋದವು. ಶಂಕರ್ ಚಿತ್ರ ಬಿಡಿಸಿದ್ದು ಅವರ ಹಕ್ಕು. ಸರ್ಕಾರ ಕೊಡುವ ಪಠ್ಯಪುಸ್ತಕದಲ್ಲಿ ಅದನ್ನು ಮಕ್ಕಳ ಮುಂದೆ ಇಡಬೇಕೇ ಎಂಬುದು ಪಾಠದ ವಿಷಯ. ಪಠ್ಯದಿಂದ ತೆಗೆದರೆ ಶಂಕರ್ ಅವರ ಬಾಯಿ ಮುಚ್ಚಿಸಿದ ಹಾಗಾಗುವುದಿಲ್ಲ, ಚಿತ್ರ ಬೇರೆ ಕಡೆ ಇದ್ದೇ ಇರುತ್ತದೆ. ಪಳಶೀಕರ್ ಕಚೇರಿಗೆ ನುಗ್ಗಿದ್ದು ಮಾತ್ರ ಅಪರಾಧ. ದಲಿತ ವಿದ್ಯಾರ್ಥಿಗಳ ಬೇಡಿಕೆಯಲ್ಲಿ ನ್ಯಾಯವಿತ್ತು, ಕುರ್ಚಿ ಒಡೆದದ್ದರಲ್ಲಿ ಇರಲಿಲ್ಲ. ಗದ್ದಲದಲ್ಲಿ ಎಲ್ಲವೂ ‘ನಿಷೇಧಿಸಿ’ ಎಂಬ ಒಂದೇ ಕೂಗಾಯಿತು.

ದಾವಣಗೆರೆಯಲ್ಲೂ ಜಾತಿ ಮತ್ತು ಮಾತು ಹೀಗೆ ಎದುರಾದದ್ದು ಇದೆ. 2015ರ ಅಕ್ಟೋಬರ್‌ನಲ್ಲಿ ಇಲ್ಲಿ ಓದುತ್ತಿದ್ದ ಒಬ್ಬ ದಲಿತ ಯುವಕನನ್ನು ತಾಯಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ಹಾಸ್ಟೆಲ್‌ನಿಂದ ಕರೆದುಕೊಂಡು ಹೋಗಿ ಹೊಡೆದರು. ಜಾತಿ ವ್ಯವಸ್ಥೆಯ ವಿರುದ್ಧ ಪುಸ್ತಕ ಬರೆದದ್ದೇ ಕಾರಣ. ಇನ್ನು ಬರೆಯದ ಹಾಗೆ ಬೆರಳು ಕತ್ತರಿಸುತ್ತೇವೆ ಎಂದು ಹೆದರಿಸಿದರು. ಹೊಡೆದವರೂ ಹೇಳಿದ್ದು ಭಾವನೆಯ ಮಾತನ್ನೇ. ಭಾವನೆಗೆ ಧಕ್ಕೆ ಎಂಬುದನ್ನೇ ಅಳತೆಗೋಲು ಮಾಡಿಕೊಂಡರೆ ಅದು ದಲಿತ ಹುಡುಗಿಯ ಕೈಗೆ ಸಿಗುವುದಕ್ಕಿಂತ ಮೊದಲು ಅವಳನ್ನು ಹೊಡೆಯುವವರ ಕೈಗೇ ಸಿಗುತ್ತದೆ. ಬಲ ಇದ್ದವರ ಭಾವನೆಗೆ ಠಾಣೆಯಲ್ಲಿ ಬೇಗ ಕುರ್ಚಿ ಹಾಕುತ್ತಾರೆ. ನಾನು ಈ ಅಳತೆಗೋಲನ್ನು ವಿರೋಧಿಸುವುದು ಮುಖ್ಯವಾಗಿ ಇದಕ್ಕೇ.

ಧರ್ಮದ ವಿಷಯಕ್ಕೆ ಬಂದರೆ

2015ರ ಜನವರಿ 7ರಂದು ಪ್ಯಾರಿಸ್‌ನ ‘ಶಾರ್ಲಿ ಎಬ್ದೊ’ ಪತ್ರಿಕೆಯ ಕಚೇರಿಗೆ ನುಗ್ಗಿದ ಬಂದೂಕುಧಾರಿಗಳು 12 ಜನರನ್ನು ಕೊಂದರು. ಪ್ರವಾದಿಯವರ ಚಿತ್ರಗಳು ಅದಕ್ಕೆ ನೆಪವಾದವು. ಆ ಪತ್ರಿಕೆಯ ಅನೇಕ ಚಿತ್ರಗಳು ನನಗೆ ಹಿಡಿಸುವುದಿಲ್ಲ. ಅಲ್ಲಿನ ಮುಸ್ಲಿಮರು ಅಲ್ಪಸಂಖ್ಯಾತರು, ಹೆಚ್ಚಿನವರು ಬಡವರು. ಅವರ ನಂಬಿಕೆಯನ್ನು ಕೆಣಕುವುದರಲ್ಲಿ ಯಾವ ಧೈರ್ಯವಿದೆ ಎಂದು ಕೇಳುವವರ ಜೊತೆ ನಾನು ಕೂರುತ್ತೇನೆ. ಹಾಗೇ ಆ ಹನ್ನೆರಡು ಜನರಿಗಾಗಿ ಅಳುವವರ ಜೊತೆಯೂ ಕೂರುತ್ತೇನೆ. ಎರಡನ್ನೂ ಒಟ್ಟಿಗೆ ಹೇಳಲು ಆಗದಿದ್ದರೆ ಈ ವಿಷಯ ಮಾತಾಡಲೇಬಾರದು.

ನಮ್ಮ ನೆರೆಯ ಶಿವಮೊಗ್ಗದಲ್ಲಿ 2010ರ ಮಾರ್ಚ್ 1ರಂದು ಕನ್ನಡ ಪತ್ರಿಕೆಯೊಂದರಲ್ಲಿ ಬಂದ ಬುರ್ಖಾ ಕುರಿತ ಲೇಖನದಿಂದ ಗಲಭೆಯಾಗಿ ಇಬ್ಬರು ಸತ್ತರು. ದಾವಣಗೆರೆಯಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ಹೊತ್ತಿಗೆ ಕಲ್ಲು ತೂರಾಟ ನಡೆಯಿತು. ಹಬ್ಬ ಬಂದರೆ ಯಾವ ಫ್ಲೆಕ್ಸ್‌ನಲ್ಲಿ ಯಾವ ಚಿತ್ರ ಇದೆ ಎಂದು ಪೊಲೀಸರು ಬೀದಿ ಸುತ್ತುವ ಸ್ಥಿತಿ ಇದೆ. ಇಂಥ ಊರಲ್ಲಿ ‘ಎಲ್ಲ ಚಿತ್ರವೂ ಸರಿ’ ಎಂದು ಸುಲಭವಾಗಿ ಹೇಳಲು ಆಗುವುದಿಲ್ಲ. ಮೆರವಣಿಗೆ ಹೋಗುವ ದಾರಿಯಲ್ಲಿ, ಇನ್ನೊಂದು ಸಮುದಾಯದ ಮನೆಗಳ ಎದುರಿಗೇ, ಅವರನ್ನು ಕೊಲ್ಲುವ ಅಥವಾ ಓಡಿಸುವ ಚಿತ್ರ ನಿಲ್ಲಿಸಿದರೆ ಅದು ಬರೀ ಅಭಿಪ್ರಾಯ ಅಲ್ಲ. ಅದನ್ನು ತಡೆಯುವುದು ಪೊಲೀಸರ ಕೆಲಸವೇ. ಶ್ರೇಯಾ ಸಿಂಘಾಲ್ ತೀರ್ಪು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರು ಹಂತ ಮಾಡಿತು. ಮೊದಲೆರಡು ಎಷ್ಟೇ ಕಹಿಯಾಗಿದ್ದರೂ ರಕ್ಷಣೆ ಇದೆ, ಮೂರನೆಯದಕ್ಕೆ ಇಲ್ಲ. ಜಾಗ, ಸಮಯ, ಎದುರಿಗಿರುವ ಜನ ಎಲ್ಲವೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ.

ಆದರೆ ಇನ್ನೊಂದು ಕಡೆಯೂ ಇದೆ. ಕಲ್ಲು ಬೀಳಬಹುದು ಎಂಬ ಭಯಕ್ಕೇ ಚಿತ್ರ ತೆಗೆಸಿದರೆ ಕಲ್ಲು ಹಿಡಿದವರೇ ಸಂಪಾದಕರಾಗುತ್ತಾರೆ. 1989ರಲ್ಲಿ ಒಂದು ಸಿನಿಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಹೇಳಿತು. ವಿರೋಧಿಗಳನ್ನು ನಿಭಾಯಿಸಲು ನಮಗೆ ಆಗುವುದಿಲ್ಲ ಎಂದು ಸರ್ಕಾರ ಕೈ ಚೆಲ್ಲುವಂತಿಲ್ಲ. ಅಪಾಯ ದೂರದ ಊಹೆಯಾಗಿರಬಾರದು, ಮಾತಿಗೂ ಅಪಾಯಕ್ಕೂ ನೇರ ಸಂಬಂಧ ಇರಬೇಕು.

ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ವ್ಯಂಗ್ಯಚಿತ್ರ ತಾನು ಬಿಡಿಸಿದ ಚಿತ್ರ ಎಂಬುದನ್ನು ಮುಚ್ಚಿಡುವುದಿಲ್ಲ. ಒಬ್ಬ ಮಹಿಳಾ ಕಾರ್ಪೊರೇಟರ್ ಮುಖವನ್ನು ಬೇರೆ ದೇಹಕ್ಕೆ ಅಂಟಿಸಿ ಫೋಟೊ ಎಂದು ಹರಿಬಿಟ್ಟರೆ ಅದು ಸುಳ್ಳು, ಮತ್ತು ಹೆಣ್ಣಿನ ಮೇಲಿನ ಹಲ್ಲೆ. ಅದನ್ನು ‘ಕಾರ್ಟೂನು, ತಮಾಷೆ’ ಎಂದು ಸಮರ್ಥಿಸುವವರಿಗೆ ವ್ಯಂಗ್ಯಚಿತ್ರಕಾರರೇ ಮೊದಲು ಎದುರು ನಿಲ್ಲಬೇಕು.

ಈಗ ಏನು ಮಾಡಬಹುದು

ಜಿಲ್ಲಾ ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರಕಾರನಿಗೆ ಕಾಯಂ ಕೆಲಸ ಸಿಗುವುದು ಅಪರೂಪ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿಯೋ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಲೋ ಬದುಕುವವರೇ ಜಾಸ್ತಿ. ಊರಿನ ಜಾಹೀರಾತು ಬರುವುದೂ ಚಿತ್ರದಲ್ಲಿ ಬರಬೇಕಾದ ಜನರಿಂದಲೇ. ಹಾಗಾಗಿ ದೆಹಲಿಯ ನಾಯಕರ ಮೇಲೆ ಚಿತ್ರ ಬರುತ್ತದೆ, ವಾರ್ಡಿನ ರಸ್ತೆ ನುಂಗಿದವರ ಮೇಲೆ ಬರುವುದಿಲ್ಲ. ನಮಗೆ ಅತಿ ಹೆಚ್ಚು ಬೇಕಾಗಿರುವುದು ಎರಡನೆಯದೇ ಅಲ್ವಾ?

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆಯುವ ಮಸೂದೆಗೆ ರಾಜ್ಯದ ಎರಡೂ ಸದನಗಳು ಒಪ್ಪಿಗೆ ಕೊಟ್ಟವು. ಜಾತಿ, ಧರ್ಮದ ಹೆಸರಲ್ಲಿ ಜನರನ್ನು ಎತ್ತಿಕಟ್ಟುವವರಿಗೆ ಕಡಿವಾಣ ಬೇಕು ಎಂಬ ಉದ್ದೇಶ ನನಗೆ ಒಪ್ಪಿಗೆ. ಆದರೆ ದ್ವೇಷದ ಜೊತೆಗೆ ‘ವೈಮನಸ್ಯ’ದಂಥ ಸಡಿಲ ಪದವೂ ಅದರಲ್ಲಿದೆ. ಹಾಗಿರುವ ಕಾನೂನು ಪ್ರಚೋದಕನನ್ನು ಹಿಡಿಯುವ ಮೊದಲು ಕುಂಚ ಹಿಡಿದವನನ್ನು ಹಿಡಿಯುತ್ತದೆ ಎಂಬುದಕ್ಕೆ 66ಎ ಕಣ್ಣೆದುರಿಗಿದೆ.

ಹೊಸ ಕಾನೂನಿಗೆ ಕಾಯದೆ ಇವತ್ತೇ ಮಾಡಬಹುದಾದ ಕೆಲಸಗಳಿವೆ. ಪೊಲೀಸ್ ತನಿಖೆ, ಬಂಧನದ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ರ ಪ್ರಕಾರ ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು, 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಿ ಆಮೇಲೆ ಎಫ್‌ಐಆರ್ ಹಾಕುವ ಅವಕಾಶವಿದೆ. ಮಾತಿನ ಪ್ರಕರಣಗಳಲ್ಲಿ ಹೀಗೆ ಮಾಡುವುದೇ ಸೂಕ್ತ ಎಂದು ಪ್ರತಾಪ್‌ಗಢಿ ತೀರ್ಪು ಹೇಳಿದೆ. 196, 299, 353 ಮೂರೂ ಇದರಡಿ ಬರುತ್ತವೆ. ಜಯದೇವ ವೃತ್ತದಲ್ಲಿ ಘೋಷಣೆ ಜೋರಾದ ದಿನ ಈ 14 ದಿನಗಳೇ ಪೊಲೀಸ್ ಅಧಿಕಾರಿಗೂ ರಕ್ಷಣೆ. ‘ವಿಚಾರಣೆ ಮಾಡುತ್ತಿದ್ದೇವೆ’ ಎಂದು ಹೇಳಿ ಗುಂಪನ್ನು ಕಳಿಸಲು ಅವರಿಗೆ ಕಾನೂನಿನ ಬಲವಿದೆ. ಎಸ್ಪಿಯವರು ಒಂದು ಸುತ್ತೋಲೆಯಲ್ಲಿ ಇದನ್ನು ಪ್ರತಿ ಠಾಣೆಗೂ ತಿಳಿಸಬಹುದು.

ಠಾಣೆಯಿಂದ ಫೋನ್ ಬಂದವರಿಗೂ ಕೆಲವು ವಿಷಯ ಗೊತ್ತಿರಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ತಕ್ಷಣ ಬಂಧಿಸುವುದು ನಿಯಮವಲ್ಲ. ಮೊದಲು ಅದೇ ಸುರಕ್ಷಾ ಸಂಹಿತೆಯ 35(3)ರ ಅಡಿ ಲಿಖಿತ ನೋಟಿಸ್ ಕೇಳಿ. ಬರೀ ಗ್ರೂಪ್ ಅಡ್ಮಿನ್ ಆಗಿದ್ದೀರಿ ಎಂಬ ಕಾರಣಕ್ಕೆ ಬೇರೆಯವರು ಹಾಕಿದ ಚಿತ್ರಕ್ಕೆ ನೀವು ಹೊಣೆಯಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿವೆ. 196 ಮತ್ತು 299ರಲ್ಲಿ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟ್ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಮೊಬೈಲ್ ಕೇಳಿದರೆ ಯಾಕೆ, ಯಾವ ಆದೇಶದ ಮೇಲೆ ಎಂದು ಕೇಳಿ, ತೆಗೆದುಕೊಂಡರೆ ರಸೀದಿ ಪಡೆಯಿರಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.